ಸರಕಿನ ದಾರಿಯಲ್ಲಿ ನಷ್ಟ ಯಾರದು?

(ರಾಜ್ಯೋತ್ಸವದ ಅಂಗವಾಗಿ ನಮ್ಮ ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ನಾಡುನುಡಿಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ಆ ಕಾರ್ಯಕ್ಕೆ ನನಗಿಂತ ಎಷ್ಟೋ ಪಾಲು ಯೋಗ್ಯರಾದ ವಿದ್ವಾಂಸರು ಈ ಸಭೆಯಲ್ಲಿಯೇ ಇದ್ದಾರೆ. ನಾನು ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾದವನು. ಪರದೇಶದ ವ್ಯಾಪಾರದ ಕಾಗದಪತ್ರಗಳು ದಿನವೂ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಆದಕಾರಣ ನಮ್ಮ ಕಾರ್ಯದರ್ಶಿಗಳು, ಬಲ್ಲ ವಿಷಯವನ್ನೇ ಹೇಳು ಎಂದು ಅಪ್ಪಣೆ ಮಾಡಿದ್ದಾರೆ. ಸರಕು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವಾಗ ದಾರಿಯಲ್ಲಿ ಎದುರಾಗುವ ಅಪಾಯಗಳು ಯಾವುವು, ಆ ಅಪಾಯದ ಹೊರೆ ಕಟ್ಟಕಡೆಗೆ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದೇ ಈ ಹೊತ್ತಿನ ನನ್ನ ವಿಷಯ.

ಇದು ದೊಡ್ಡ ಸಾಹುಕಾರರ ಮಾತು, ನಮಗೇನು ಎಂದು ಯಾರಾದರೂ ಕೇಳಬಹುದು. ಆದರೆ ನಮ್ಮ ನಡುವೆಯೇ ನೋಡಿ. ಬಂದರಿನಲ್ಲಿ ಸರಕು ಬಿಡಿಸಿಕೊಡುವ ಕಚೇರಿಗಳಲ್ಲಿ ಕೆಲಸ ಮಾಡುವವರು ಇದ್ದಾರೆ. ಮಸಾಲೆ, ಹಪ್ಪಳ, ಉಪ್ಪಿನಕಾಯಿಗಳನ್ನು ಹೊರದೇಶಕ್ಕೆ ಕಳುಹಿಸಬೇಕೆಂಬ ಹಂಬಲದವರು ಇದ್ದಾರೆ. ಊರಿನಲ್ಲಿ ಅಣ್ಣತಮ್ಮಂದಿರ ಕಾಫಿತೋಟವಿರುವವರು ಇದ್ದಾರೆ. ಮಗನೋ ಅಳಿಯನೋ ಹಡಗಿನ ಮೇಲಿರುವ ತಾಯಂದಿರೂ ಇದ್ದಾರೆ. ಇವರೆಲ್ಲರ ಅನ್ನದ ದಾರಿ ಸಮುದ್ರದ ಮೇಲೆಯೇ ಹಾದುಹೋಗುತ್ತದೆ. ಜಗತ್ತಿನಲ್ಲಿ ದೇಶದಿಂದ ದೇಶಕ್ಕೆ ಸಾಗುವ ಸರಕಿನಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಹಡಗಿನಲ್ಲಿಯೇ ಹೋಗುತ್ತದೆ.

ಈ ಮಾತು ನಮಗೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಹಲವು ವರ್ಷ ಮಂಗಳೂರಿನಲ್ಲಿ ನೆಲಸಿ, ಅಲ್ಲಿಂದ ಏಡನ್ನಿಗೆ ಮೆಣಸನ್ನೂ ಕಬ್ಬಿಣವನ್ನೂ ಕಳುಹಿಸುತ್ತಿದ್ದನು. ಅವನಿಗೆ ಬಂದ ಪತ್ರಗಳು ಕೈರೋ ನಗರದ ಹಳೆಯ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಉಳಿದುಬಂದಿವೆ. ಏಡನ್ನಿನ ವರ್ತಕನೊಬ್ಬನು ಬರೆದ ಅಂಥದೊಂದು ಪತ್ರದಲ್ಲಿ ಹಡಗು ಒಡೆದ ಸುದ್ದಿ ಇದೆ. ಕೆಂಪು ಸಮುದ್ರದ ಬಾಯಿಯಾದ ಬಾಬ್ ಎಲ್ ಮಂದೆಬ್ ಜಲಸಂಧಿಯಲ್ಲಿ ಹಡಗು ಮುಳುಗಿತು, ಮೆಣಸೆಲ್ಲ ನೀರುಪಾಲಾಯಿತು, ಮುಳುಗುಗಾರರನ್ನು ಇಳಿಸಿ ಕಬ್ಬಿಣದಲ್ಲಿ ಒಂದಷ್ಟನ್ನು ಮೇಲಕ್ಕೆ ತೆಗೆಸಿದರು. ಬಾಬ್ ಎಲ್ ಮಂದೆಬ್ ಎಂದರೆ ಕಣ್ಣೀರಿನ ಬಾಗಿಲು ಎಂದು ಅರ್ಥ. ಸರಕು ಹೊರಟದ್ದು ನಮ್ಮ ಮಂಗಳೂರಿನಿಂದ. ಮುಳುಗಿದ್ದು ಕಣ್ಣೀರಿನ ಬಾಗಿಲಿನಲ್ಲಿ. ಏನು ಹೋಯಿತು, ಏನು ಉಳಿಯಿತು, ಯಾರ ಪಾಲಿಗೆ ಎಷ್ಟು ಎಂದು ಆ ವರ್ತಕರು ಅಂದು ಲೆಕ್ಕ ಹಾಕಿದರು. ಇಂದು ನಾವೂ ಅದೇ ಲೆಕ್ಕವನ್ನು ಹಾಕುತ್ತಿದ್ದೇವೆ.

ಈಗ ಹೊಸ ಕಾಲಕ್ಕೆ ಬರೋಣ. 1956ನೆಯ ಇಸವಿ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತೆಂಬುದು ಇಲ್ಲಿರುವ ಮಕ್ಕಳಿಗೂ ಗೊತ್ತು. ಅದೇ ವರ್ಷದ ಏಪ್ರಿಲ್ 26ರಂದು ಅಮೆರಿಕದ ನ್ಯೂಯಾರ್ಕಿನ ನೆರೆಯ ನೆವಾರ್ಕ್ ಬಂದರಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಉಕ್ಕಿನ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ನಿಗೆ ಹೊರಟಿತು. ಅದನ್ನು ಹೊರಡಿಸಿದವನು ಮಾಲ್ಕಂ ಮೆಕ್ಲೀನ್ ಎಂಬ ಲಾರಿಗಳ ಮಾಲೀಕ. ಅಲ್ಲಿಯ ತನಕ ಹಮಾಲರು ಮೂಟೆ ಮೂಟೆಯಾಗಿ ಹೊತ್ತು ಹಡಗು ತುಂಬುತ್ತಿದ್ದರು. ಲಾರಿಯ ಮೇಲಿನ ಪೆಟ್ಟಿಗೆಯನ್ನೇ ಎತ್ತಿ ಹಡಗಿನಲ್ಲಿಟ್ಟರೆ ಆಯಿತಲ್ಲ ಎಂಬುದು ಮೆಕ್ಲೀನನ ಯೋಚನೆ. ಅವನ ಲೆಕ್ಕದ ಪ್ರಕಾರ, ಟನ್ನಿಗೆ 5 ಡಾಲರ್ 83 ಸೆಂಟ್ ಬೀಳುತ್ತಿದ್ದ ತುಂಬುವ ಖರ್ಚು 16 ಸೆಂಟಿಗೂ ಕೆಳಕ್ಕೆ ಇಳಿಯಿತು. ಅಂದು 58 ಪೆಟ್ಟಿಗೆ. ಇಂದಿನ ಅತಿ ದೊಡ್ಡ ಹಡಗು ಇಪ್ಪತ್ತು ಅಡಿ ಉದ್ದದ 24,000 ಪೆಟ್ಟಿಗೆಗಳನ್ನು ಹೊರಬಲ್ಲುದು. 1989ರಲ್ಲಿ ನಮ್ಮ ಮುಂಬಯಿಯ ಎದುರು ದಡದಲ್ಲಿ ನ್ಹಾವಾಶೇವಾ ಬಂದರು ಆರಂಭವಾದದ್ದೂ ಮುಖ್ಯವಾಗಿ ಈ ಪೆಟ್ಟಿಗೆಗಳ ಸಲುವಾಗಿಯೇ.

ಹೀಗೆ ಸಾಗಣೆ ಅಗ್ಗವಾದ ಮೇಲೆ ವ್ಯಾಪಾರದ ನಡೆಯೇ ಬದಲಾಯಿತು. ಒಂದು ಯಂತ್ರದ ಬಿಡಿಭಾಗಗಳು ಹತ್ತು ದೇಶಗಳಲ್ಲಿ ತಯಾರಾಗಿ ಹನ್ನೊಂದನೆಯ ದೇಶದಲ್ಲಿ ಕೂಡಿಕೊಳ್ಳತೊಡಗಿದವು. ಗೋದಾಮಿನಲ್ಲಿ ದಾಸ್ತಾನಿಟ್ಟರೆ ಬಡ್ಡಿ ದಂಡ ಎಂದು, ಬೇಕಾದ ದಿನಕ್ಕೆ ಬೇಕಾದಷ್ಟೇ ತರಿಸಿಕೊಳ್ಳುವುದು ಜಾಣತನವೆನಿಸಿತು. ಹಿಂದೆ ನಮ್ಮ ಅಜ್ಜಿಯರು ಮಳೆಗಾಲಕ್ಕೆ ಮುಂಚೆಯೇ ಕಣಜ ತುಂಬಿಸಿಟ್ಟುಕೊಳ್ಳುತ್ತಿದ್ದರು. ಕಣಜವಿಲ್ಲದ ಮನೆಯಲ್ಲಿ ಒಂದು ದಿನ ದಾರಿ ಕಟ್ಟಿದರೂ ಒಲೆ ಹೊತ್ತುವುದಿಲ್ಲ. ಈ ಹೊಸ ಏರ್ಪಾಡಿನ ಅಗ್ಗದೊಳಗೆ ಅಡಗಿರುವ ಅಪಾಯವೇ ಅದು. ಅದರ ನಾಲ್ಕು ಬಗೆಗಳನ್ನು ಹೇಳುತ್ತೇನೆ.

ಮೊದಲನೆಯದು, ದಾರಿ ಕಟ್ಟುವುದು. 1869ರಲ್ಲಿ ತೆರೆದ ಸೂಯೆಜ್ ಕಾಲುವೆಯಲ್ಲಿ 2021ರ ಮಾರ್ಚ್ 23ರಂದು ‘ಎವರ್ ಗಿವನ್’ ಎಂಬ 400 ಮೀಟರ್ ಉದ್ದದ ಹಡಗು ಅಡ್ಡವಾಗಿ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಆರು ದಿನ ಬೇಕಾಯಿತು. ಅಷ್ಟರಲ್ಲಿ ನೂರಾರು ಹಡಗುಗಳು ಎರಡೂ ಕಡೆ ಸಾಲುಗಟ್ಟಿ ನಿಂತವು. ಅದು ಆಕಸ್ಮಿಕ. ಮುಂದೆ ಆದದ್ದು ಆಕಸ್ಮಿಕವಲ್ಲ. 2023ರ ನವೆಂಬರಿನಿಂದ ಯೆಮನ್ನಿನ ಹೂತಿ ಪಡೆಗಳು ಕೆಂಪು ಸಮುದ್ರದಲ್ಲಿ ವ್ಯಾಪಾರದ ಹಡಗುಗಳ ಮೇಲೆ ದಾಳಿಗೆ ತೊಡಗಿದವು. ಡಿಸೆಂಬರಿನಲ್ಲಿ ದೊಡ್ಡ ಕಂಪನಿಗಳು ಒಂದರ ಹಿಂದೊಂದು ಆ ದಾರಿಯನ್ನೇ ಬಿಟ್ಟವು. 2024ರ ವರ್ಷವೆಲ್ಲ ಯೂರೋಪಿಗೆ ಹೋಗುವ ಪೆಟ್ಟಿಗೆಯ ಹಡಗುಗಳಲ್ಲಿ ಬಹುಪಾಲು ಆಫ್ರಿಕದ ತುದಿಯ ಗುಡ್‌ಹೋಪ್ ಭೂಶಿರವನ್ನು ಬಳಸಿಕೊಂಡು ಹೋದವು. ಇದರಿಂದ ಪ್ರಯಾಣ ಹತ್ತು ಹನ್ನೆರಡು ದಿನ ಹೆಚ್ಚಿತು, ಎಣ್ಣೆಯ ಖರ್ಚು ಏರಿತು, ಬಾಡಿಗೆಯೂ ಏರಿತು.

ಇದು ನಮ್ಮ ತೋಟಗಳಿಗೆ ಹೇಗೆ ತಟ್ಟಿತೆಂದು ಗಮನಿಸಿ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಅದರ ಬಹುಭಾಗ ರಫ್ತಾಗುತ್ತದೆ. ಕೊಳ್ಳುವವರಲ್ಲಿ ಇಟಲಿ ಮುಂಚೂಣಿಯಲ್ಲಿದೆ. ಮಂಗಳೂರಿನಿಂದಲೋ ಕೊಚ್ಚಿಯಿಂದಲೋ ಹೊರಟ ಕಾಫಿ ಇಟಲಿ ಸೇರಲು ಹತ್ತಿರದ ದಾರಿ ಕಣ್ಣೀರಿನ ಬಾಗಿಲಿನ ಮೂಲಕವೇ. ಬಾಬಾ ಬುಡನ್ ಅವರು ಏಳು ಕಾಫಿಬೀಜಗಳನ್ನು ತಂದದ್ದು ಯೆಮನ್ನಿನ ಮೋಕಾ ಬಂದರಿನಿಂದ ಎಂಬ ಐತಿಹ್ಯ ನಿಮಗೆ ಗೊತ್ತೇ ಇದೆ. ಆ ಮೋಕಾ ಇರುವುದೂ ಇದೇ ಕಡಲ ಬಾಗಿಲಿನ ಪಕ್ಕದಲ್ಲಿ. ಬೀಜ ಬಂದ ದಾರಿಯಲ್ಲಿಯೇ ಬೆಳೆ ಹೊರಗೆ ಹೋಗಬೇಕು. ಆ ದಾರಿಯಲ್ಲಿ ಗುಂಡು ಹಾರಿದರೆ ಚಿಕ್ಕಮಗಳೂರಿನ ಲೆಕ್ಕದ ಪುಸ್ತಕದಲ್ಲಿ ಅದರ ಗುರುತು ಬೀಳುತ್ತದೆ.

ಎರಡನೆಯದು, ಬೆಂಕಿ. ನಮ್ಮ ಮುಂಬಯಿಗೆ ಇದನ್ನು ಕಲಿಸಿಕೊಡಬೇಕಾಗಿಲ್ಲ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟೈಕಿನ್’ ಹಡಗು ಸಿಡಿದು ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕ ದಳದವರೂ ಪ್ರಾಣ ಕೊಟ್ಟರು. ಅವರ ನೆನಪಿಗಾಗಿಯೇ ದೇಶದಲ್ಲಿ ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಆ ಹಡಗಿನಲ್ಲಿ ಸುಮಾರು 1,400 ಟನ್ ಸಿಡಿಮದ್ದಿನ ಜೊತೆಗೆ ಹತ್ತಿಯ ಬೇಲುಗಳನ್ನೂ ತುಂಬಿದ್ದರು. ಬೆಂಕಿಯ ಮಗ್ಗುಲಲ್ಲಿ ಬೆಣ್ಣೆಯನ್ನಿಟ್ಟ ಹಾಗಾಗಿತ್ತು. ಇಂದು ಪೆಟ್ಟಿಗೆಯ ಬಾಗಿಲು ಮುದ್ರೆಯಾಗಿರುತ್ತದೆ. ಒಳಗೇನಿದೆ ಎಂಬುದಕ್ಕೆ ಕಳುಹಿಸಿದವನ ಕಾಗದವೇ ಸಾಕ್ಷಿ. ಬಾಡಿಗೆ ಉಳಿಸುವ ಆಸೆಗೆ ಅಪಾಯದ ರಾಸಾಯನಿಕವನ್ನು ಸಾಧಾರಣ ಸರಕೆಂದು ಬರೆಯುವವರು ಉಂಟು. ಆ ಒಂದು ಸುಳ್ಳಿಗೆ ಇಡೀ ಹಡಗು ಬಲಿಯಾಗಬಹುದು.

2025ರಲ್ಲಿ ನಮ್ಮ ಪಶ್ಚಿಮ ಕರಾವಳಿ ಹದಿನೈದು ಹದಿನಾರು ದಿನಗಳೊಳಗೆ ಎರಡು ಅವಘಡಗಳನ್ನು ಕಂಡಿತು. ವಿಳಿಂಜಮ್ಮಿನಿಂದ ಕೊಚ್ಚಿಗೆ ಬರುತ್ತಿದ್ದ ‘ಎಂಎಸ್‌ಸಿ ಎಲ್ಸಾ 3’ ಮೇ 24ರಂದು ವಾಲಿ, ಮರುದಿನ ಮುಳುಗಿತು. ಅದರಲ್ಲಿ 640 ಪೆಟ್ಟಿಗೆಗಳಿದ್ದವು. ಹಡಗಿನಲ್ಲಿದ್ದ 24 ಜನರೂ ಪಾರಾದದ್ದು ಪುಣ್ಯ. ಆದರೆ ಪ್ಲಾಸ್ಟಿಕ್ಕಿನ ಕಾಳುಗಳು ಕೇರಳದ ದಡಕ್ಕೆ ಬಂದು ಬಿದ್ದು ಬೆಸ್ತರ ಬದುಕಿಗೆ ಕಂಟಕವಾದವು. ಜೂನ್ 9ರಂದು ಕೊಲಂಬೊದಿಂದ ನಮ್ಮ ನ್ಹಾವಾಶೇವಾಕ್ಕೇ ಹೊರಟಿದ್ದ ‘ವಾನ್ ಹೈ 503’ ಹಡಗಿಗೆ ಕೇರಳದ ಆಚೆ ಬೆಂಕಿ ಹತ್ತಿತು. 22 ಜನರಲ್ಲಿ 18 ಮಂದಿಯನ್ನು ಉಳಿಸಿ ನೌಕಾಪಡೆಯವರು ನವಮಂಗಳೂರು ಬಂದರಿಗೆ ಕರೆತಂದರು; ನಾಲ್ವರು ಕಾಣೆಯಾದರು.

ಮೂರನೆಯದು, ಹಡಗು ನಡೆಸುವವನೇ ದಿವಾಳಿಯಾಗುವುದು. 2016ರ ಆಗಸ್ಟ್ 31ರಂದು ದಕ್ಷಿಣ ಕೊರಿಯದ ಹಾಂಜಿನ್ ಕಂಪನಿ ನ್ಯಾಯಾಲಯದ ಮೊರೆಹೊಕ್ಕಿತು. ಜಗತ್ತಿನ ದೊಡ್ಡ ಪೆಟ್ಟಿಗೆ ಸಾಗಣೆಯ ಕಂಪನಿಗಳಲ್ಲಿ ಅದು ಏಳನೆಯದು. ಸುಂಕ ಕೊಡುವವರಾರು ಎಂದು ಅನೇಕ ಬಂದರುಗಳು ಅದರ ಹಡಗುಗಳನ್ನು ಒಳಗೆ ಬಿಡಲಿಲ್ಲ. ಸುಮಾರು 1,400 ಕೋಟಿ ಡಾಲರ್ ಬೆಲೆಯ ಸರಕು ನಡುನೀರಿನಲ್ಲಿ ನಿಂತಿತು. ಬಾಡಿಗೆಯನ್ನು ಮೊದಲೇ ಕೊಟ್ಟಿದ್ದವರು ತಮ್ಮ ಸರಕನ್ನು ಬಿಡಿಸಿಕೊಳ್ಳಲು ಮತ್ತೆ ಹಣ ತೆರಬೇಕಾಯಿತು.

ನಾಲ್ಕನೆಯದು, ಪೆಟ್ಟಿಗೆಯೇ ಸಿಗದಿರುವುದು. ಕೋವಿಡ್ ಪಿಡುಗಿನ ಕಾಲದಲ್ಲಿ ಬರಿದಾದ ಪೆಟ್ಟಿಗೆಗಳು ಅಮೆರಿಕದ ಬಂದರುಗಳಲ್ಲಿ ರಾಶಿಬಿದ್ದವು. ಇಲ್ಲಿ ನಮ್ಮ ರಫ್ತುದಾರರು ಪೆಟ್ಟಿಗೆಗಾಗಿ ಕಾದು ಕುಳಿತರು. 2019ರಲ್ಲಿ ನಲವತ್ತು ಅಡಿಯ ಪೆಟ್ಟಿಗೆಯ ಸರಾಸರಿ ಬಾಡಿಗೆ ಜಗತ್ತಿನ ಮುಖ್ಯ ದಾರಿಗಳಲ್ಲಿ 1,500 ಡಾಲರಿನ ಆಸುಪಾಸಿನಲ್ಲಿತ್ತು. 2021ರ ಸೆಪ್ಟೆಂಬರಿನಲ್ಲಿ 10,000 ಡಾಲರನ್ನು ದಾಟಿತು. ದೊಡ್ಡ ಕಂಪನಿಗಳು ವರ್ಷದ ಕರಾರು ಮಾಡಿಕೊಂಡು ಹೇಗೋ ತಡೆದುಕೊಂಡವು. ವರ್ಷಕ್ಕೆ ನಾಲ್ಕು ಪೆಟ್ಟಿಗೆ ಕಳುಹಿಸುವವನ ಲಾಭವೆಲ್ಲ ಬಾಡಿಗೆಯಲ್ಲಿಯೇ ಕರಗಿತು.

ಇಷ್ಟು ಅಪಾಯಗಳ ಕಥೆಯಾಯಿತು. ಈಗ ನನ್ನ ಮುಖ್ಯ ಪ್ರಶ್ನೆ: ನಷ್ಟ ಯಾರದು?

ಉತ್ತರ ಸಮುದ್ರದಲ್ಲಿಲ್ಲ, ಕಾಗದದಲ್ಲಿದೆ. ಸರಕು ತಿರುಗಾಡುವುದು ಹಡಗಿನಲ್ಲಿ. ನಷ್ಟ ತಿರುಗಾಡುವುದು ಕಾಗದಗಳಲ್ಲಿ. ಕಾಗದವನ್ನು ಓದದವನ ಮನೆಯ ಮುಂದೆ ಅದು ಬಂದು ನಿಲ್ಲುತ್ತದೆ.

ಮೊದಲನೆಯ ಕಾಗದ ಮಾರಾಟದ ಕರಾರು. ಎಫ್‌ಒಬಿ ಎಂಬ ಮೂರು ಅಕ್ಷರ ಬರೆದರೆ, ಸರಕು ಹಡಗಿನ ಮೇಲೆ ಏರುವ ತನಕ ಅಪಾಯ ಮಾರಿದವನದು, ಏರಿದ ಮೇಲೆ ಕೊಂಡವನದು. ಸಿಐಎಫ್ ಎಂದರೆ ಮಾರಿದವನು ಬಾಡಿಗೆಯನ್ನೂ ವಿಮೆಯನ್ನೂ ಕೊಡಬೇಕು. ಆದರೂ ಅಪಾಯ ದಾಟುವುದು ಹಡಗೇರಿದ ಗಳಿಗೆಯಲ್ಲಿಯೇ. ಇಲ್ಲೊಂದು ಸೂಕ್ಷ್ಮವಿದೆ. ಪೆಟ್ಟಿಗೆಯ ವ್ಯಾಪಾರದಲ್ಲಿ ನಾವು ಸರಕನ್ನು ಒಪ್ಪಿಸುವುದು ಬಂದರಿನ ಅಂಗಳದಲ್ಲಿ. ಹಡಗು ತಡವಾದರೆ ಪೆಟ್ಟಿಗೆ ಅಲ್ಲಿಯೇ ದಿನಗಟ್ಟಲೆ ನಿಂತಿರುತ್ತದೆ. ಸರಕು ಕೈಬಿಟ್ಟಿದೆ, ಅಪಾಯ ಬಿಟ್ಟಿಲ್ಲ! ಆದ್ದರಿಂದ ಪೆಟ್ಟಿಗೆಯ ಸರಕಿಗೆ, ಸಾಗಿಸುವವನಿಗೆ ಒಪ್ಪಿಸಿದಲ್ಲಿಗೇ ಅಪಾಯ ದಾಟುವ ಎಫ್‌ಸಿಎ ಎಂಬ ಕರಾರು ಮೇಲು.

ಎರಡನೆಯದು ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿನವರು ಸರಕಿಗೆ ಕೊಡುವ ರಸೀತಿ. ಅದು ರಸೀತಿ ಮಾತ್ರವಲ್ಲ, ಸರಕಿನ ಒಡೆತನವನ್ನೇ ಕೈಯಿಂದ ಕೈಗೆ ದಾಟಿಸುವ ಪತ್ರ. ಇದರ ಬಗ್ಗೆ ನಮ್ಮ ದೇಶದಲ್ಲಿ 1856ರ ಕಾನೂನೇ ನಡೆದುಬಂದಿತ್ತು. 2025ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾನೂನು ಬಂದಿತು. ಕೊಂಡವನ ಬ್ಯಾಂಕು ಲೆಟರ್ ಆಫ್ ಕ್ರೆಡಿಟ್ ಕೊಟ್ಟಿದ್ದರೆ, ಈ ಪತ್ರಗಳನ್ನು ಒಪ್ಪಿಸಿದ ಮೇಲೆ ಹಣ ಬರುತ್ತದೆ. ಒಂದು ಮಾತನ್ನು ಮಾತ್ರ ಮರೆಯಬೇಡಿ: ಬ್ಯಾಂಕು ನೋಡುವುದು ಕಾಗದವನ್ನು, ಸರಕನ್ನಲ್ಲ. ಇದು ಜಗತ್ತಿನ ಬ್ಯಾಂಕುಗಳೆಲ್ಲ ಒಪ್ಪಿಕೊಂಡ ನಿಯಮ. ನಿಮ್ಮ ಕಾಫಿ ಎಷ್ಟೇ ಘಮಘಮಿಸಿದರೂ, ಹಡಗು ಹೊರಡಬೇಕಾದ ಕಡೆಯ ತಾರೀಖು ಒಂದು ದಿನ ದಾಟಿದ್ದರೆ ಅಲ್ಲಿನ ಬ್ಯಾಂಕು ಹಣ ತಡೆಯಬಹುದು. ಹಡಗುಗಳು ದಾರಿ ತಪ್ಪಿಸಿ ಓಡಾಡುವ ಕಾಲದಲ್ಲಿ ತಾರೀಖಿಗೆ ಸ್ವಲ್ಪ ಸಡಿಲವಿರಿಸಿ ಕರಾರು ಮಾಡಿಕೊಳ್ಳುವುದು ವಿವೇಕ. ಸರಕು ತಲುಪಿದ ಮೇಲೆ ಹಣ ಎಂಬ ಕರಾರಾದರಂತೂ, ಆಫ್ರಿಕ ಬಳಸಿ ಹೋದ ಅಷ್ಟೂ ದಿನ ಸಾಲದ ಬಡ್ಡಿ ಓಡುತ್ತಲೇ ಇರುತ್ತದೆ. ಹಡಗು ನಿಲ್ಲಬಹುದು, ಬಡ್ಡಿ ನಿಲ್ಲುವುದಿಲ್ಲ.

ಮೂರನೆಯದು ವಿಮೆಯ ಪತ್ರ. ವಿಮೆ ಇದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಸಮುದ್ರವಿಮೆಯಲ್ಲಿ ಎ, ಬಿ, ಸಿ ಎಂಬ ಮೂರು ತರಗತಿಗಳುಂಟು. ಅಗ್ಗದ ಸಿ ತರಗತಿಯಲ್ಲಿ ಹಡಗು ಮುಳುಗಿದರೆ, ಸುಟ್ಟರೆ ಪರಿಹಾರ ಸಿಗುತ್ತದೆ. ಕಳವಾದರೆ, ಒಳಗೆ ಕಡಲ ನೀರು ನುಗ್ಗಿದರೆ ಇಲ್ಲ. ಎ ತರಗತಿ ಬಹಳಷ್ಟನ್ನು ಒಳಗೊಳ್ಳುತ್ತದೆ. ಆದರೆ ಯುದ್ಧದ ಹಾನಿ ಅದರಲ್ಲಿಯೂ ಸೇರಿಲ್ಲ. ಅದಕ್ಕೆ ಬೇರೆ ಹಣ ಕಟ್ಟಬೇಕು. ಬರಿಯ ತಡದಿಂದಾದ ನಷ್ಟವನ್ನಂತೂ ಮೂರು ತರಗತಿಗಳೂ ಹೊರಗಿಟ್ಟಿವೆ. ಕೊಂಡವನೇ ಹಣ ಕೊಡದೆ ಕೈಯೆತ್ತಿದರೆ ಸಮುದ್ರವಿಮೆ ನೆರವಿಗೆ ಬಾರದು. ಅದಕ್ಕಾಗಿ 1957ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ, ಇದೇ ಮುಂಬಯಿಯಲ್ಲಿ ಮುಖ್ಯ ಕಚೇರಿಯಿರುವ ಇಸಿಜಿಸಿ ಸಂಸ್ಥೆಯ ವಿಮೆ ಬೇರೆಯೇ ಇದೆ. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಗಬಾರದು.

ಇನ್ನೊಂದು ಹಳೆಯ ಪದ್ಧತಿಯನ್ನು ಹೇಳಿದರೆ ನಿಮಗೆ ಆಶ್ಚರ್ಯವಾದೀತು. ಅದನ್ನು ಜನರಲ್ ಆವರೇಜ್ ಎನ್ನುತ್ತಾರೆ. ಬಿರುಗಾಳಿಯಲ್ಲಿ ಹಡಗನ್ನು ಉಳಿಸಲು ಒಬ್ಬನ ಸರಕನ್ನು ಕಡಲಿಗೆ ಎಸೆದರೆ, ಅದರಿಂದ ಉಳಿದುಕೊಂಡವರೆಲ್ಲ ಸೇರಿ ಅವನ ನಷ್ಟವನ್ನು ಹಂಚಿಕೊಳ್ಳಬೇಕೆಂಬುದು ಪ್ರಾಚೀನ ನ್ಯಾಯ. ಇಂದಿಗೂ ಅದು ನಡೆಯುತ್ತಿದೆ. ಹಡಗು ಮತ್ತು ಸರಕು ಸೇರಿ ನೂರು ಕೋಟಿ ರೂಪಾಯಿ ಬಾಳುತ್ತದೆ, ಉಳಿಸುವುದಕ್ಕೆ ಐದು ಕೋಟಿ ಖರ್ಚಾಯಿತು ಎನ್ನಿ. ಇಪ್ಪತ್ತು ಲಕ್ಷದ ಸರಕಿನವನು ಒಂದು ಲಕ್ಷ ಕೊಡಬೇಕು, ಅವನ ಸರಕಿಗೆ ಒಂದು ಗೀರು ಬೀಳದಿದ್ದರೂ! ‘ಎವರ್ ಗಿವನ್’ ಹಡಗಿನಲ್ಲಿಯೂ ಇದೇ ಆಯಿತು. ವಿಮೆ ಮಾಡಿಸಿದ್ದವರ ಪರವಾಗಿ ವಿಮಾ ಕಂಪನಿಯೇ ಜಾಮೀನು ಕೊಡುತ್ತದೆ. ವಿಮೆಯಿಲ್ಲದವರು ರೊಕ್ಕವನ್ನು ಠೇವಣಿಯಿಟ್ಟು ಸರಕು ಬಿಡಿಸಿಕೊಳ್ಳಬೇಕು.

ಇಷ್ಟೆಲ್ಲ ಲೆಕ್ಕದಲ್ಲಿ ಯಾವ ಕಾಗದಕ್ಕೂ ಪೂರ್ತಿ ಸಿಗದ ನಷ್ಟವೊಂದಿದೆ. ಅದು ಹಡಗಿನ ಮೇಲಿರುವ ಮನುಷ್ಯರದು. ‘ಎವರ್ ಗಿವನ್’ ಕಾಲುವೆಯಲ್ಲಿ ಸಿಕ್ಕಿಕೊಂಡಾಗ ಅದನ್ನು ನಡೆಸುತ್ತಿದ್ದ 25 ಮಂದಿಯೂ ಭಾರತೀಯರು. ದಾರಿ ತೆರೆದೊಡನೆ ಜಗತ್ತು ಅದನ್ನು ಮರೆಯಿತು. ಪರಿಹಾರದ ವ್ಯಾಜ್ಯ ತೀರಿ ಹಡಗಿಗೆ ಬಿಡುಗಡೆಯಾದದ್ದು ಜುಲೈ 7ರಂದು. ಕೋವಿಡ್ ಕಾಲದಲ್ಲಿ, 2020ರ ಕೊನೆಯ ಹೊತ್ತಿಗೆ, ಕರಾರಿನ ಅವಧಿ ಮುಗಿದರೂ ಮನೆಗೆ ಬರಲಾಗದೆ ಸುಮಾರು ನಾಲ್ಕು ಲಕ್ಷ ನಾವಿಕರು ಕಡಲಿನಲ್ಲಿಯೇ ಉಳಿದಿದ್ದರೆಂದು ಅಂದಾಜು. 2024ರ ಮಾರ್ಚ್ 6ರಂದು ಏಡನ್ ಕೊಲ್ಲಿಯಲ್ಲಿ ‘ಟ್ರೂ ಕಾನ್ಫಿಡೆನ್ಸ್’ ಹಡಗಿಗೆ ಕ್ಷಿಪಣಿ ಬಡಿದು ಮೂವರು ನಾವಿಕರು ಸತ್ತರು. 21 ಮಂದಿಯನ್ನು ನಮ್ಮ ‘ಐಎನ್‌ಎಸ್ ಕೋಲ್ಕತಾ’ ನೌಕೆ ರಕ್ಷಿಸಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ನಮ್ಮ ಹಿರಿಯರು ಮನುಷ್ಯನ ಕೃತಘ್ನತೆಯನ್ನು ಕಂಡೇ ಕಟ್ಟಿರಬೇಕು.

ಆದುದರಿಂದ ಮಗನನ್ನು ಹಡಗಿಗೆ ಕಳುಹಿಸುವ ತಾಯಿತಂದೆಗಳಿಗೆ ನನ್ನ ವಿನಂತಿ ಇಷ್ಟು. ಕೆಲಸ ಕೊಡಿಸುವ ಏಜೆಂಟನಿಗೆ ಕೇಂದ್ರ ಸರ್ಕಾರದ ಹಡಗು ಆಡಳಿತದವರ ಪರವಾನಗಿ ಇದೆಯೇ ಎಂದು ಮೊದಲು ವಿಚಾರಿಸಿರಿ. ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ಕೇಳಕೂಡದು. ಕೇಳಿದರೆ ಅಲ್ಲಿಯೇ ಎಚ್ಚರಗೊಳ್ಳಿರಿ. ಕರಾರು ಮುಗಿದಾಗ ಮನೆಗೆ ಕಳುಹಿಸುವ ಖರ್ಚು ಹಡಗಿನ ಒಡೆಯನದು. ಒಡೆಯನು ಹಡಗನ್ನೇ ಕೈಬಿಟ್ಟರೆ, ನಾಲ್ಕು ತಿಂಗಳವರೆಗಿನ ಬಾಕಿ ಸಂಬಳಕ್ಕೂ ಊರಿಗೆ ಮರಳುವ ಖರ್ಚಿಗೂ ವಿಮೆ ಇರಲೇಬೇಕೆಂದು 2017ರಿಂದ ನಿಯಮವಾಗಿದೆ. ಆ ವಿಮೆಯ ಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಮಗನು ಹಡಗು ಹತ್ತಿದ ದಿನವೇ ಅದನ್ನು ನೋಡಿ, ಕರಾರಿನ ಒಂದು ಪ್ರತಿಯನ್ನು ಮನೆಯಲ್ಲಿಯೂ ಬಿಟ್ಟಿರಲಿ.

ವ್ಯಾಪಾರಕ್ಕಿಳಿಯುವ ನಮ್ಮ ತರುಣರೂ, ಮನೆಯಿಂದಲೇ ತಿಂಡಿತೀರ್ಥ ಕಳುಹಿಸಬೇಕೆಂದಿರುವ ಸೋದರಿಯರೂ ನಾಲ್ಕು ಪ್ರಶ್ನೆಗಳನ್ನು ನೆನಪಿಡಬೇಕು. ಅಪಾಯ ನನ್ನ ಕೈಯಿಂದ ಯಾವ ಜಾಗದಲ್ಲಿ ದಾಟುತ್ತದೆ? ತಡವಾದರೆ ಬಡ್ಡಿ ಯಾರದು? ನನ್ನ ವಿಮೆ ಯಾವುದನ್ನು ಹೊರಗಿಟ್ಟಿದೆ? ಕೊಂಡವನು ಕೊಡದಿದ್ದರೆ ನನಗೆ ದಿಕ್ಕು ಯಾರು? ಈ ನಾಲ್ಕಕ್ಕೂ ಉತ್ತರ ಸಿಕ್ಕಿದ ಮೇಲೆ ರುಜು ಹಾಕಿರಿ. ಕಾಗದ ಇಂಗ್ಲಿಷಿನಲ್ಲಿದೆ, ಅಕ್ಷರ ಸಣ್ಣದು ಎಂದು ಸಂಕೋಚಪಟ್ಟುಕೊಂಡು ಸುಮ್ಮನಿರಬೇಡಿರಿ. ನಮ್ಮ ಸಂಘದಲ್ಲಿ ಬ್ಯಾಂಕಿನವರಿದ್ದಾರೆ, ವಕೀಲರಿದ್ದಾರೆ, ಬಂದರಿನ ಕೆಲಸದವರಿದ್ದಾರೆ. ತಿಂಗಳಿಗೊಂದು ಭಾನುವಾರ ಸಂಜೆ ಇಲ್ಲಿ ಕುಳಿತು, ತಂದವರ ಕಾಗದವನ್ನು ಕನ್ನಡದಲ್ಲಿ ಓದಿ ಅರ್ಥ ಹೇಳುವ ಏರ್ಪಾಡನ್ನು ಸಂಘವು ಮಾಡಬೇಕೆಂದು ಅಧ್ಯಕ್ಷರಲ್ಲಿ ಸವಿನಯವಾಗಿ ಬೇಡುತ್ತೇನೆ. ಆ ಕೆಲಸಕ್ಕೆ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿರಿ. ಕನ್ನಡವು ಹಾಡಿಗೂ ಪೂಜೆಗೂ ಒದಗಿದ ಹಾಗೆ ನಮ್ಮವರ ದುಡಿಮೆಯನ್ನು ಕಾಯುವುದಕ್ಕೂ ಒದಗಲಿ.